ಬ್ರಿಟಿಷ್ ಸಿನಿಮಾ ಉದ್ಯಮದ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಸಿನಿಮಾ ಅಂದರೆ ಜೇಮ್ಸ್ ಬಾಂಡ್, ಹ್ಯಾರಿ ಪಾಟರ್ ಇಷ್ಟೇ ನೆನಪಾಗುವವರು ಜಾಸ್ತಿ. ಅದರ ಹಿಂದೆ 130 ವರ್ಷಗಳ ದೊಡ್ಡ ಕಥೆಯಿದೆ. ಅಲ್ಲಿ ಪ್ರತಿಭೆಗೆ ಯಾವತ್ತೂ ಬರ ಇರಲಿಲ್ಲ, ಇದ್ದದ್ದು ದುಡ್ಡಿನ ಬರ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಯಾಕಂದರೆ ಈ ಉದ್ಯಮದ ಪ್ರತಿ ತಿರುವಿನಲ್ಲೂ ಅದೇ ಇದೆ.

ಬ್ರಿಟನ್ನಿನಲ್ಲಿ ಸಿನಿಮಾ ಶುರುವಾಗಿದ್ದು ಯಾವಾಗ?

ಯಾವುದನ್ನು ಶುರು ಅನ್ನುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಲೂಯಿ ಲೆ ಪ್ರಿನ್ಸ್ ಎಂಬ ಫ್ರೆಂಚ್ ಸಂಶೋಧಕರು 1888ರ ಅಕ್ಟೋಬರಿನಲ್ಲಿ ಲೀಡ್ಸ್ ನಗರದ ಒಂದು ತೋಟದಲ್ಲಿ ಮನೆಯವರು ಓಡಾಡುವುದನ್ನು ಚಿತ್ರೀಕರಿಸಿದರು. ಕೆಲವೇ ಸೆಕೆಂಡುಗಳ ತುಣುಕು ಅದು. ಫ್ರಾನ್ಸಿನಲ್ಲಿ 1895ರಲ್ಲಿ ಜನರಿಗೆ ಸಿನಿಮಾ ತೋರಿಸಿದ ಲುಮಿಯೇರ್ ಸಹೋದರರಿಗಿಂತ ಏಳು ವರ್ಷ ಮೊದಲಿನದು. ಅದನ್ನು ಜನರಿಗೆ ತೋರಿಸುವ ಹೊತ್ತಿಗೆ ಲೆ ಪ್ರಿನ್ಸ್ ಅವರೇ ಇರಲಿಲ್ಲ. 1890ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ದಿಜೋನ್‌ನಲ್ಲಿ ಪ್ಯಾರಿಸ್ ರೈಲು ಹತ್ತಿದವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಏನಾಯಿತು ಅನ್ನುವುದು ಇವತ್ತಿಗೂ ಬಗೆಹರಿದಿಲ್ಲ.

ಉದ್ಯಮವಾಗಿ ಲೆಕ್ಕ ಹಾಕಿದರೆ ರಾಬರ್ಟ್ ಪಾಲ್ ಅವರಿಂದ ಶುರು ಮಾಡಬೇಕು. ಅವರದು ಲಂಡನ್ನಿನಲ್ಲಿ ವಿದ್ಯುತ್ ಉಪಕರಣ ಮಾಡುವ ಕಸುಬು. ಅಮೆರಿಕದ ಎಡಿಸನ್ ತಮ್ಮ ಕಿನೆಟೋಸ್ಕೋಪ್ ಎಂಬ, ಒಬ್ಬೊಬ್ಬರೇ ಇಣುಕಿ ಚಿತ್ರ ನೋಡುವ ಯಂತ್ರಕ್ಕೆ ಬ್ರಿಟನ್ನಿನಲ್ಲಿ ಪೇಟೆಂಟ್ ತೆಗೆದುಕೊಂಡಿರಲಿಲ್ಲ. ಹಾಗಾಗಿ ಪಾಲ್ ಆ ಯಂತ್ರದ ನಕಲು ಮಾಡಿ ಮಾರಿದರು. ಯಂತ್ರ ಸಿಕ್ಕಿತು, ಚಿತ್ರ ಸಿಗಲಿಲ್ಲ. ಆಗ ಬರ್ಟ್ ಏಕರ್ಸ್ ಜೊತೆ ಸೇರಿ 1895ರಲ್ಲಿ ತಾವೇ ಕ್ಯಾಮೆರಾ ಮಾಡಿ ಚಿತ್ರ ತೆಗೆದರು. 1896ರ ಫೆಬ್ರವರಿ 20ರಂದು ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಲುಮಿಯೇರ್ ಪ್ರದರ್ಶನ ನಡೆಯಿತು. ಅದೇ ದಿನ ಅದೇ ಊರಿನ ಫಿನ್ಸ್‌ಬರಿಯಲ್ಲಿ ಪಾಲ್ ತಮ್ಮದೇ ಪ್ರೊಜೆಕ್ಟರಿನಲ್ಲಿ ಚಿತ್ರ ತೋರಿಸಿದರು.

ಆ ಕಾಲದಲ್ಲಿ ಬ್ರಿಟನ್ ನಿಜಕ್ಕೂ ಮುಂದಿತ್ತಾ?

ಮುಂದಿತ್ತು. ಬ್ರೈಟನ್ ಎಂಬ ಕಡಲತೀರದ ಊರಿನ ಸುತ್ತ ಜಾರ್ಜ್ ಆಲ್ಬರ್ಟ್ ಸ್ಮಿತ್, ಜೇಮ್ಸ್ ವಿಲಿಯಮ್ಸನ್ ಮುಂತಾದವರು ಸಿನಿಮಾದ ವ್ಯಾಕರಣವನ್ನೇ ಕಟ್ಟುತ್ತಿದ್ದರು. 1900ರಲ್ಲಿ ಸ್ಮಿತ್ ತೆಗೆದ ಒಂದು ಪುಟ್ಟ ಚಿತ್ರದಲ್ಲಿ ಹುಡುಗನೊಬ್ಬ ಅಜ್ಜಿಯ ಭೂತಗನ್ನಡಿ ಹಿಡಿದು ಗಡಿಯಾರ, ಪಂಜರದ ಹಕ್ಕಿ, ಅಜ್ಜಿಯ ಕಣ್ಣು, ಬೆಕ್ಕು ಎಲ್ಲವನ್ನೂ ನೋಡುತ್ತಾನೆ. ಅವನು ನೋಡಿದ್ದು ಪರದೆ ತುಂಬ ದೊಡ್ಡದಾಗಿ ಕಾಣುತ್ತದೆ. ಇವತ್ತು ಕ್ಲೋಸಪ್ ಅನ್ನುತ್ತೇವಲ್ಲ, ಅದನ್ನು ಕಥೆಯೊಳಗೆ ಹೆಣೆದ ಮೊದಮೊದಲ ಉದಾಹರಣೆ ಅದು.

1905ರಲ್ಲಿ ಸೆಸಿಲ್ ಹೆಪ್‌ವರ್ತ್ ಅವರ ಕಂಪನಿ, ಕಳುವಾದ ಮಗುವನ್ನು ಹುಡುಕಿ ತರುವ ನಾಯಿಯ ಕಥೆಯನ್ನು ಚಿತ್ರ ಮಾಡಿತು. ನಟಿಸಿದವರಲ್ಲಿ ಅವರ ಹೆಂಡತಿ, ಮಗು, ಸಾಕುನಾಯಿ ಎಲ್ಲ ಇದ್ದರು. ಪ್ರಿಂಟುಗಳು ಎಷ್ಟು ಖರ್ಚಾದವು ಅಂದರೆ ನೆಗೆಟಿವ್ ಸವೆದುಹೋಗಿ, ಇಡೀ ಚಿತ್ರವನ್ನು ಇನ್ನೆರಡು ಸಲ ಹೊಸದಾಗಿ ತೆಗೆಯಬೇಕಾಯಿತು.

ಸಾಮಾನ್ಯ ಜನ ಆಗ ಎಂಥ ಸಿನಿಮಾ ನೋಡುತ್ತಿದ್ದರು?

ತಮ್ಮನ್ನು ತಾವೇ ನೋಡಿಕೊಳ್ಳುತ್ತಿದ್ದರು! ಈ ಇತಿಹಾಸದಲ್ಲಿ ನನಗೆ ತುಂಬ ಪ್ರೀತಿಯ ಭಾಗ ಇದು.

ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್ ಊರಿನಲ್ಲಿ ಸಾಗರ್ ಮಿಚೆಲ್, ಜೇಮ್ಸ್ ಕೆನ್ಯನ್ ಎಂಬ ಇಬ್ಬರು ಕಂಪನಿ ನಡೆಸುತ್ತಿದ್ದರು. ಜಾತ್ರೆಯಲ್ಲಿ ಟೆಂಟು ಹಾಕಿ ಸಿನಿಮಾ ತೋರಿಸುವವರು ಇವರಿಗೆ ಕೆಲಸ ಕೊಡುತ್ತಿದ್ದರು. ಹತ್ತಿ ಗಿರಣಿಯ ಪಾಳಿ ಬಿಡುವ ಹೊತ್ತಿಗೆ ಇವರು ಗೇಟಿನ ಎದುರು ಕ್ಯಾಮೆರಾ ನಿಲ್ಲಿಸುತ್ತಿದ್ದರು. ಶಾಲು ಹೊದ್ದ ಹೆಂಗಸರು, ಟೋಪಿ ಹಾಕಿದ ಗಂಡಸರು, ಕೆಲಸಕ್ಕೆ ಹೋಗುವ ಸಣ್ಣ ಮಕ್ಕಳು ಗುಂಪುಗುಂಪಾಗಿ ಹೊರಬರುತ್ತಾರೆ. ಹುಡುಗರು ಕ್ಯಾಮೆರಾ ಎದುರಿನಿಂದ ಕದಲುವುದಿಲ್ಲ, ಕೈ ಬೀಸುತ್ತಾರೆ, ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ. ಆ ಚಿತ್ರವನ್ನು ಅದೇ ಊರಲ್ಲಿ ತೋರಿಸುತ್ತಿದ್ದರು. ಕೆಲವೊಮ್ಮೆ ಅದೇ ಸಂಜೆ. ಪರದೆ ಮೇಲೆ ತಮ್ಮ ಮುಖ ಕಾಣುತ್ತದಾ ಅಂತ ನೋಡಲು ಜನ ಕಾಸು ಕೊಟ್ಟು ಬರುತ್ತಿದ್ದರು.

1994ರಲ್ಲಿ ಅವರ ಹಳೆಯ ಅಂಗಡಿಯ ನೆಲಮಾಳಿಗೆಯಲ್ಲಿ ಮೂರು ಲೋಹದ ಡ್ರಮ್ಮುಗಳು ಸಿಕ್ಕವು. ಒಳಗೆ ಸುಮಾರು 800 ನೆಗೆಟಿವ್‌ಗಳಿದ್ದವು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅವನ್ನು ಸರಿಪಡಿಸಿತು. 1900ರ ಆಸುಪಾಸಿನ ಕೆಲಸಗಾರರ ಬದುಕು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದು ಕಷ್ಟ.

ಇಷ್ಟೆಲ್ಲ ಇದ್ದೂ ಹಾಲಿವುಡ್ ಎದುರು ಸೋತದ್ದು ಯಾಕೆ?

ಮೊದಲ ಕಾರಣ ಮಹಾಯುದ್ಧ. 1914ರಿಂದ 1918ರವರೆಗೆ ಬ್ರಿಟನ್ನಿನ ಜನ, ದುಡ್ಡು ಎಲ್ಲ ಯುದ್ಧಕ್ಕೆ ಹೋಯಿತು. ಖಾಲಿಯಾದ ಜಾಗವನ್ನು ಅಮೆರಿಕದ ಚಿತ್ರಗಳು ತುಂಬಿದವು.

ಎರಡನೆಯದು ಇನ್ನೂ ಮುಖ್ಯ. ಅಮೆರಿಕದವರಿಗೆ ತಮ್ಮ ದೇಶದಲ್ಲೇ ದೊಡ್ಡ ಮಾರುಕಟ್ಟೆ ಇತ್ತು. ಖರ್ಚು ಅಲ್ಲೇ ಹುಟ್ಟುತ್ತಿತ್ತು. ಬ್ರಿಟನ್ನಿಗೆ ಬರುವ ಹೊತ್ತಿಗೆ ಬಂದದ್ದೆಲ್ಲ ಲಾಭ, ಹಾಗಾಗಿ ಕಡಿಮೆ ಬಾಡಿಗೆಗೆ ಕೊಡಬಹುದಿತ್ತು. ಇನ್ನೂ ತೆಗೆಯದ ಚಿತ್ರಗಳನ್ನೂ ಸೇರಿಸಿ ಒಟ್ಟಿಗೆ ಬುಕ್ ಮಾಡಿಸುತ್ತಿದ್ದರು. ಅದರ ನಡುವೆ ಬ್ರಿಟಿಷ್ ಚಿತ್ರಕ್ಕೆ ತಾರೀಖೇ ಸಿಗುತ್ತಿರಲಿಲ್ಲ. ಮಾತು ಬಂದ ಮೇಲಂತೂ ಇನ್ನೂ ಕಷ್ಟವಾಯಿತು. ಫ್ರಾನ್ಸ್, ಜರ್ಮನಿಗಳಿಗೆ ಅವರವರ ಭಾಷೆಯೇ ಒಂದು ಬೇಲಿ. ಬ್ರಿಟನ್ನಿಗೆ ಆ ಬೇಲಿಯೂ ಇರಲಿಲ್ಲ. ಮಾತು ಬರುವ ಮೊದಲೇ, 1926ರ ಹೊತ್ತಿಗೆ, ಬ್ರಿಟನ್ನಿನ ಪರದೆಗಳ ಮೇಲೆ ಬ್ರಿಟಿಷ್ ಚಿತ್ರಗಳ ಪಾಲು ಶೇ. 5ರಷ್ಟಕ್ಕೆ ಇಳಿದಿತ್ತು.

ಸರ್ಕಾರ ಏನೂ ಮಾಡಲಿಲ್ಲವಾ?

ಮಾಡಿತು. 1927ರಲ್ಲಿ ಕೋಟಾ ಕಾನೂನು ತಂದಿತು. ಚಿತ್ರಮಂದಿರಗಳು ತೋರಿಸುವುದರಲ್ಲಿ ಇಂತಿಷ್ಟು ಪಾಲು ಬ್ರಿಟಿಷ್ ಚಿತ್ರ ಇರಲೇಬೇಕು. ಶೇ. 5ರಿಂದ ಶುರುವಾಗಿ ಹಂತಹಂತವಾಗಿ ಶೇ. 20ಕ್ಕೆ ಏರಬೇಕು. ವಿತರಕರಿಗೂ ಇದೇ ಥರದ ನಿಯಮ.

ಅಮೆರಿಕದ ವಿತರಕರು ಒಂದು ಉಪಾಯ ಕಂಡುಕೊಂಡರು. ಕೋಟಾ ತುಂಬಿದರೆ ಸಾಕು ಅಂತ ಅಗ್ಗದ ಚಿತ್ರಗಳನ್ನು ಗಡಿಬಿಡಿಯಲ್ಲಿ ಮಾಡಿಸಿದರು. ‘ಕೋಟಾ ಕ್ವಿಕಿ’ ಅಂತಲೇ ಅವಕ್ಕೆ ಹೆಸರು ಬಿತ್ತು. ಫಿಲ್ಮಿನ ಒಂದು ಅಡಿ ಉದ್ದಕ್ಕೆ ಒಂದು ಪೌಂಡ್ ಲೆಕ್ಕದಲ್ಲಿ ಖರ್ಚು ಮಾಡಿ, ಎರಡು ಮೂರು ವಾರದಲ್ಲಿ ಮುಗಿಸುತ್ತಿದ್ದರು. ಬೆಳಿಗ್ಗೆ ಕಸ ಗುಡಿಸುವ ಹೊತ್ತಿನಲ್ಲಿ ಖಾಲಿ ಚಿತ್ರಮಂದಿರದಲ್ಲಿ ಓಡಿಸಿ ಲೆಕ್ಕ ತೋರಿಸುತ್ತಿದ್ದರು ಎಂಬ ಮಾತೂ ಇದೆ.

ಆದರೂ ಈ ಕಾನೂನು ಸುಮ್ನೆ ದಂಡವಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೈಕೆಲ್ ಪವೆಲ್ ಅಂಥ ನಿರ್ದೇಶಕರು ಕೆಲಸ ಕಲಿತದ್ದು ಇಲ್ಲೇ, ಇಪ್ಪತ್ತಕ್ಕೂ ಹೆಚ್ಚು ಕ್ವಿಕಿ ಮಾಡಿ. ಜೇಮ್ಸ್ ಮೇಸನ್, ವಿವಿಯನ್ ಲೀ, ಎರಲ್ ಫ್ಲಿನ್ ಕೂಡ ಇಂಥ ಚಿತ್ರಗಳಲ್ಲಿ ನಟಿಸಿದವರೇ. ಸ್ಟುಡಿಯೋಗಳಲ್ಲಿ ವರ್ಷವಿಡೀ ಕೆಲಸ ಇತ್ತು. ಕ್ಯಾಮೆರಾ, ಲೈಟು, ಸೆಟ್ಟಿನ ಒಂದು ತಲೆಮಾರು ಹಾಗೆ ತಯಾರಾಯಿತು. 1938ರಲ್ಲಿ ಕಾನೂನು ತಿದ್ದಿ, ಇಂತಿಷ್ಟು ಖರ್ಚು ಮಾಡಿದ ಚಿತ್ರ ಮಾತ್ರ ಲೆಕ್ಕಕ್ಕೆ ಅಂದ ಮೇಲೆ ಕ್ವಿಕಿಗಳ ಕಾಲ ಮುಗಿಯಿತು.

ಮಾತಿನ ಚಿತ್ರ ಬಂದಾಗ ಏನಾಯಿತು?

1929ರಲ್ಲಿ ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ನಿರ್ದೇಶಕ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ಚಿತ್ರವನ್ನು ಮೂಕಿಯಾಗಿಯೇ ಶುರು ಮಾಡಿದ್ದರು. ನಡುವೆ ಧ್ವನಿ ಯಂತ್ರ ಬಂತು. ಒಂದಷ್ಟು ಭಾಗ ಮತ್ತೆ ತೆಗೆದು ಟಾಕಿ ಮಾಡಿದರು. ತೊಂದರೆ ಏನಪ್ಪಾ ಅಂದರೆ ನಾಯಕಿ ಆ್ಯನಿ ಓಂಡ್ರಾ ಅವರದು ಮಧ್ಯ ಯುರೋಪಿನ ಉಚ್ಚಾರಣೆ, ಪಾತ್ರವೋ ಲಂಡನ್ ಅಂಗಡಿಕಾರನ ಮಗಳದು. ಆಮೇಲೆ ಡಬ್ ಮಾಡುವ ತಂತ್ರ ಆಗಿನ್ನೂ ಅಲ್ಲಿ ಕೈಗೆ ಬಂದಿರಲಿಲ್ಲ. ಜೋನ್ ಬ್ಯಾರಿ ಎಂಬ ಇನ್ನೊಬ್ಬ ನಟಿ ಕ್ಯಾಮೆರಾಕ್ಕೆ ಕಾಣದಂತೆ ನಿಂತು ಮೈಕಿನಲ್ಲಿ ಮಾತಾಡಿದರು. ಓಂಡ್ರಾ ಎದುರಿಗೆ ನಿಂತು ತುಟಿ ಆಡಿಸಿದರು. ಎಲ್ಲ ಒಂದೇ ಟೇಕಿನಲ್ಲಿ ಕೂಡಿಬರಬೇಕಿತ್ತು. ಧ್ವನಿ ಯಂತ್ರ ಇಲ್ಲದ ಚಿತ್ರಮಂದಿರಗಳಿಗೆ ಮೂಕಿ ಆವೃತ್ತಿಯೂ ಹೋಯಿತು. ಹತ್ತು ವರ್ಷಕ್ಕೆ ಹಿಚ್‌ಕಾಕ್ ಹಾಲಿವುಡ್ಡಿಗೆ ಹೊರಟರು.

ಅಲೆಕ್ಸಾಂಡರ್ ಕೊರ್ಡಾ ಯಾರು? ಅಷ್ಟೊಂದು ಹೆಸರು ಯಾಕೆ?

ಹಂಗೇರಿಯಿಂದ ಬಂದ ನಿರ್ಮಾಪಕ, ನಿರ್ದೇಶಕರು. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮೇಲೆ 1933ರಲ್ಲಿ ಚಿತ್ರ ಮಾಡಿ ಅಮೆರಿಕದಲ್ಲೂ ಗೆದ್ದರು. ಅದರಲ್ಲಿ ರಾಜನಾಗಿದ್ದ ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ಬಂತು. ಬ್ರಿಟಿಷ್ ಚಿತ್ರ ಹೊರಗೂ ದುಡಿಯುತ್ತದೆ ಅಂತ ಎಲ್ಲರಿಗೂ ಆಸೆ ಹುಟ್ಟಿತು. ಪ್ರುಡೆನ್ಶಿಯಲ್ ವಿಮಾ ಕಂಪನಿ ದುಡ್ಡು ಸುರಿಯಿತು, ಡೆನ್‌ಹ್ಯಾಮ್‌ನಲ್ಲಿ ದೊಡ್ಡ ಸ್ಟುಡಿಯೋ ಎದ್ದಿತು. ಆದರೆ ಒಂದು ಗೆಲುವಿನ ಹಿಂದೆ ಹತ್ತು ಸೋಲು. 1937ರ ಹೊತ್ತಿಗೆ ಸಾಲ ಕೊಟ್ಟವರೆಲ್ಲ ಹಿಂದೆ ಸರಿದರು, ಉದ್ಯಮ ಕುಸಿಯಿತು.

ಕೊರ್ಡಾಗೂ ಮೈಸೂರಿಗೂ ಏನೋ ನಂಟಿದೆಯಂತೆ, ಹೌದಾ?

ಹೌದು. ಆ ನಂಟಿನ ಹೆಸರು ಸಾಬು.

ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಇವತ್ತಿನ ಎಚ್.ಡಿ. ಕೋಟೆ ಕಡೆ, ಕಬಿನಿಯ ಹತ್ತಿರ. ಅಪ್ಪ ಮಾವುತ. ಅವರು ತೀರಿಕೊಂಡ ಮೇಲೆ ಹುಡುಗ ಮಹಾರಾಜರ ಆನೆಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ. ರಾಬರ್ಟ್ ಫ್ಲಾಹರ್ಟಿ ಎಂಬ ಹೆಸರಾಂತ ಸಾಕ್ಷ್ಯಚಿತ್ರಕಾರರು ಕೊರ್ಡಾ ಪರವಾಗಿ ಮೈಸೂರಿಗೆ ಬಂದು, ಕಿಪ್ಲಿಂಗ್ ಕಥೆಯೊಂದಕ್ಕೆ ಮಾವುತ ಹುಡುಗನನ್ನು ಹುಡುಕುತ್ತಿದ್ದರು. ಅವರ ತಂಡದ ಕಣ್ಣಿಗೆ ಸಾಬು ಬಿದ್ದ. ಫ್ಲಾಹರ್ಟಿ ಇಲ್ಲಿ ತಿಂಗಳುಗಟ್ಟಲೆ ಆನೆಗಳನ್ನೂ ಕಾಡನ್ನೂ ಚಿತ್ರೀಕರಿಸಿದರು. ಕಥೆಯ ಉಳಿದ ಭಾಗವನ್ನು ಕೊರ್ಡಾ ಅವರ ತಮ್ಮ ಝೋಲ್ಟಾನ್ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದರು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡಿತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಬಂತು. ಗಮನ ಇಟ್ಟು ನೋಡಿದರೆ ಕಾಡಿನ ದೃಶ್ಯಗಳ ಬೆಳಕೇ ಬೇರೆ, ಸ್ಟುಡಿಯೋ ದೃಶ್ಯಗಳ ಬೆಳಕೇ ಬೇರೆ.

ಸಾಬು ಅಣ್ಣನ ಜೊತೆ ಇಂಗ್ಲೆಂಡಿಗೆ ಹೋದ. 1938ರ ‘ದಿ ಡ್ರಮ್’ ಸಾಮ್ರಾಜ್ಯವನ್ನು ಹೊಗಳುವ ಚಿತ್ರ. ಅದರ ವಿರುದ್ಧ ಬಾಂಬೆ, ಮದ್ರಾಸುಗಳಲ್ಲಿ ಪ್ರತಿಭಟನೆ ನಡೆಯಿತು. ಅದು ನ್ಯಾಯವಾದ ಸಿಟ್ಟು. 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಡೆನ್‌ಹ್ಯಾಮ್‌ನಲ್ಲಿ ಶುರುವಾಗಿ, ಯುದ್ಧದಿಂದಾಗಿ ಅಮೆರಿಕದಲ್ಲಿ ಮುಗಿಯಿತು. ಸಾಬು ಅಲ್ಲೇ ಉಳಿದ. ಅಮೆರಿಕದ ವಾಯುಪಡೆ ಸೇರಿ ಯುದ್ಧವಿಮಾನದ ಬಾಲದಲ್ಲಿ ಕೂರುವ ಗನ್ನರ್ ಆಗಿ ಪದಕ ಪಡೆದ. 1963ರಲ್ಲಿ, 39ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ. ನಮ್ಮ ಸೀಮೆಯ ಹುಡುಗನೊಬ್ಬ ಜಗತ್ತಿನ ತಾರೆಯಾಗಿದ್ದ ಅನ್ನುವುದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೈಸೂರಿನ ಮಕ್ಕಳಿಗೆ ಶಾಲೆಯಲ್ಲೇ ಹೇಳಬೇಕಾದ ಕಥೆ ಇದು.

ಪೈನ್‌ವುಡ್ ಸ್ಟುಡಿಯೋ ಕಟ್ಟಿದ್ದು ಯಾರು?

ಕಟ್ಟಡದ ಗುತ್ತಿಗೆಯ ಚಾರ್ಲ್ಸ್ ಬೂಟ್ ಮತ್ತು ಹಿಟ್ಟಿನ ಗಿರಣಿಗಳ ಮಾಲೀಕ ಜೆ. ಆರ್ಥರ್ ರ‍್ಯಾಂಕ್. ರ‍್ಯಾಂಕ್ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೆಥಡಿಸ್ಟ್ ಕ್ರೈಸ್ತರು. ಧಾರ್ಮಿಕ ಚಿತ್ರ ಮಾಡಬೇಕು ಅಂತ ಈ ಕಡೆ ಬಂದವರು. ಮೊದಲ ಕಂಪನಿಯಲ್ಲಿ ಅವರ ಜೊತೆಗಿದ್ದವರು ಲೇಡಿ ಯೂಲ್. ಕಲ್ಕತ್ತದ ಸೆಣಬಿನ ದೊಡ್ಡ ವ್ಯಾಪಾರಿ ಸರ್ ಡೇವಿಡ್ ಯೂಲ್ ಅವರ ಪತ್ನಿ. ಬಂಗಾಳದ ಸೆಣಬಿನ ದುಡ್ಡು ಬ್ರಿಟಿಷ್ ಸಿನಿಮಾದ ಬುಡದಲ್ಲೂ ಇದೆ ಅನ್ನುವುದನ್ನು ಗಮನಿಸಿ.

ಪೈನ್‌ವುಡ್ 1936ರ ಸೆಪ್ಟೆಂಬರಿನಲ್ಲಿ ತೆರೆಯಿತು. ನಲವತ್ತರ ದಶಕಕ್ಕೆ ರ‍್ಯಾಂಕ್ ಕೈಯಲ್ಲಿ ಸ್ಟುಡಿಯೋ, ವಿತರಣೆ, 600ಕ್ಕೂ ಹೆಚ್ಚು ಚಿತ್ರಮಂದಿರ ಎಲ್ಲ ಇತ್ತು. ಚಿತ್ರ ಶುರುವಾಗುವ ಮೊದಲು ಗಟ್ಟಿಮುಟ್ಟಾದ ಆಳೊಬ್ಬ ದೊಡ್ಡ ಜಾಗಟೆ ಬಾರಿಸುತ್ತಾನಲ್ಲ, ಅದು ರ‍್ಯಾಂಕ್ ಕಂಪನಿಯ ಗುರುತು.

ಎರಡನೇ ಮಹಾಯುದ್ಧದ ಕಾಲವನ್ನು ಚಿನ್ನದ ಕಾಲ ಅನ್ನುವುದು ಸರಿಯಾ?

ಸರಿ ಅಂತಲೇ ನನ್ನ ಅಭಿಪ್ರಾಯ. ಬಾಂಬು ಬೀಳುತ್ತಿದ್ದಾಗಲೂ ಜನ ಸಿನಿಮಾ ಬಿಡಲಿಲ್ಲ. ಕಡಿಮೆ ಚಿತ್ರ ಬಂದವು, ಬಂದವು ಚೆನ್ನಾಗಿದ್ದವು. ಮೈಕೆಲ್ ಪವೆಲ್ ಮತ್ತು ಹಂಗೇರಿಯಿಂದ ಬಂದ ಎಮರಿಕ್ ಪ್ರೆಸ್‌ಬರ್ಗರ್ ಜೋಡಿಯ ಕೆಲಸಕ್ಕೆ ಕಳೆ ಬಂದದ್ದು ಆಗಲೇ. 1943ರ ‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ ಚಿತ್ರದಲ್ಲಿ ಒಬ್ಬ ಒಳ್ಳೆಯ ಜರ್ಮನ್ ಇದ್ದಾನೆ. ಯುದ್ಧದ ನಟ್ಟನಡುವೆ! ಚರ್ಚಿಲ್ ಆ ಚಿತ್ರವನ್ನು ನಿಲ್ಲಿಸಲು ನೋಡಿದರು, ಆಗಲಿಲ್ಲ.

ಯುದ್ಧ ಮುಗಿದ ಮೇಲೆ ಇವರೇ ಮಾಡಿದ ‘ಬ್ಲ್ಯಾಕ್ ನಾರ್ಸಿಸಸ್’ ನಡೆಯುವುದು ಹಿಮಾಲಯದಲ್ಲಿ, ಕ್ರೈಸ್ತ ಸನ್ಯಾಸಿನಿಯರ ಒಂದು ಮಠದಲ್ಲಿ. ತಂಡದವರು ಭಾರತಕ್ಕೆ ಕಾಲಿಡಲೇ ಇಲ್ಲ. ಪ್ರಪಾತದ ಅಂಚಿನಲ್ಲಿ ಸನ್ಯಾಸಿನಿ ಗಂಟೆ ಬಾರಿಸುವ ದೃಶ್ಯ ನೋಡಿದರೆ ತಲೆ ತಿರುಗುತ್ತದೆ. ಆ ಪ್ರಪಾತ ಗಾಜಿನ ಮೇಲೆ ಪರ್ಸಿ ಡೇ ತಂಡ ಬರೆದ ಚಿತ್ರ. ಮಠ ಇದ್ದದ್ದು ಪೈನ್‌ವುಡ್ ಅಂಗಳದಲ್ಲಿ. ಛಾಯಾಗ್ರಹಣಕ್ಕೆ ಜ್ಯಾಕ್ ಕಾರ್ಡಿಫ್, ಕಲಾ ನಿರ್ದೇಶನಕ್ಕೆ ಜರ್ಮನಿಯಿಂದ ಬಂದ ಆಲ್‌ಫ್ರೆಡ್ ಯುಂಗೆ ಆಸ್ಕರ್ ಪಡೆದರು. ಸಾಬು ಇದರಲ್ಲೂ ಇದ್ದಾನೆ, ಒಬ್ಬ ಯುವರಾಜನಾಗಿ.

ಅಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಮತ್ತೆ ಕೆಟ್ಟದ್ದು ಹೇಗೆ?

1946ರಲ್ಲಿ ಬ್ರಿಟನ್ನಿನಲ್ಲಿ 163.5 ಕೋಟಿ ಟಿಕೆಟ್ ಮಾರಾಟವಾದವು. ಅಷ್ಟು ಎತ್ತರಕ್ಕೆ ಅದು ಮತ್ತೆ ಯಾವತ್ತೂ ಏರಲಿಲ್ಲ. ಯುದ್ಧದಿಂದ ದೇಶದ ಖಜಾನೆಯಲ್ಲಿ ಡಾಲರ್ ಖಾಲಿ. ಹೀಗಿರುವಾಗ ಹಾಲಿವುಡ್ಡಿಗೆ ಡಾಲರ್ ಹೋಗುವುದನ್ನು ತಡೆಯಲು 1947ರ ಆಗಸ್ಟಿನಲ್ಲಿ ವಿದೇಶಿ ಚಿತ್ರಗಳ ಗಳಿಕೆಯ ಮೇಲೆ ಶೇ. 75 ಸುಂಕ ಹಾಕಿದರು. ಹಾಲಿವುಡ್ ಹೊಸ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು. ಈಗ ನಮ್ಮದೇ ರಾಜ್ಯ ಅಂತ ರ‍್ಯಾಂಕ್ ಸಾಲ ಮಾಡಿ ಚಿತ್ರದ ಮೇಲೆ ಚಿತ್ರ ಶುರು ಮಾಡಿದರು. 1948ರ ವಸಂತದಲ್ಲಿ ಸರ್ಕಾರ ರಾಜಿಯಾಗಿ ಸುಂಕ ತೆಗೆಯಿತು. ಅಷ್ಟು ತಿಂಗಳು ಕಟ್ಟಿಟ್ಟಿದ್ದ ಅಮೆರಿಕದ ಚಿತ್ರಗಳೆಲ್ಲ ಒಮ್ಮೆಲೇ ನುಗ್ಗಿದವು. ರ‍್ಯಾಂಕ್ ಚಿತ್ರಗಳು ಅವುಗಳ ಕೆಳಗೆ ಸಿಕ್ಕಿ ಹಾಕಿಕೊಂಡವು. ಡೆನ್‌ಹ್ಯಾಮ್ ಮುಚ್ಚಿತು.

ಆಮೇಲೆ ಬಂದದ್ದು ಈಡಿ ಲೆವಿ. 1950ರಲ್ಲಿ ಶುರುವಾಗಿ 1957ರಲ್ಲಿ ಕಾನೂನಾಯಿತು. ಪ್ರತಿ ಟಿಕೆಟ್ಟಿನಿಂದ ಸ್ವಲ್ಪ ದುಡ್ಡು ಒಂದು ನಿಧಿಗೆ ಹೋಗುತ್ತಿತ್ತು. ಬ್ರಿಟಿಷ್ ಚಿತ್ರ ಬ್ರಿಟನ್ನಿನಲ್ಲಿ ಎಷ್ಟು ಗಳಿಸಿತೋ ಆ ಪ್ರಮಾಣದಲ್ಲಿ ನಿರ್ಮಾಪಕರಿಗೆ ಹಂಚುತ್ತಿದ್ದರು. ಗೆದ್ದವನಿಗೇ ಜಾಸ್ತಿ ಸಿಗುವ ವ್ಯವಸ್ಥೆ ಅದು.

ಈಲಿಂಗ್ ಹಾಸ್ಯಚಿತ್ರಗಳು ಅಂದರೆ?

ಪಶ್ಚಿಮ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಮೈಕೆಲ್ ಬಾಲ್ಕನ್ ಮಾಡಿಸಿದ ಚಿತ್ರಗಳು. 1949ರಲ್ಲೇ ಮೂರು ಬಂದವು. ಅವುಗಳಲ್ಲಿ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ನಲ್ಲಿ ಅಲೆಕ್ ಗಿನ್ನೆಸ್ ಒಂದೇ ಮನೆತನದ ಎಂಟು ಪಾತ್ರ ಮಾಡಿದರು. ಪಡಿತರದ ಕಾಲದಲ್ಲಿ ನಿಯಮಗಳಿಂದ ಬೇಸತ್ತ ಜನಕ್ಕೆ ಈ ಚಿತ್ರಗಳು ತುಂಬ ಹತ್ತಿರವಾದವು. 1955ರಲ್ಲಿ ಸ್ಟುಡಿಯೋ ಬಿಬಿಸಿಗೆ ಮಾರಾಟವಾಯಿತು.

ಟಿವಿ ಬಂದು ಸಿನಿಮಾ ಮುಳುಗಿತಾ?

ಮುಳುಗಲಿಲ್ಲ, ತುಂಬ ಸೊರಗಿತು. 1984ರ ಹೊತ್ತಿಗೆ ವರ್ಷಕ್ಕೆ ಟಿಕೆಟ್ ಮಾರಾಟ 5.4 ಕೋಟಿಗೆ ಇಳಿದಿತ್ತು. ಟಿವಿಯಲ್ಲಿ ತೋರಿಸಲಾಗದ್ದನ್ನು ತೋರಿಸಿ ಬದುಕಿದವರೂ ಇದ್ದರು. ಥೇಮ್ಸ್ ದಡದ ಬ್ರೇ ಎಂಬಲ್ಲಿ ಒಂದು ಹಳೆಯ ಬಂಗಲೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಹ್ಯಾಮರ್ ಕಂಪನಿ 1957ರಿಂದ ಬಣ್ಣದಲ್ಲಿ ಭಯದ ಚಿತ್ರ ತೆಗೆಯಿತು. ಕೆಂಪು ರಕ್ತ ಪರದೆ ಮೇಲೆ ಕಂಡು ವಿಮರ್ಶಕರು ಬೈದರು, ಜನ ಸಾಲುಗಟ್ಟಿದರು. ಹೊರದೇಶದಲ್ಲಿ ಅಷ್ಟು ದುಡಿದದ್ದಕ್ಕೆ 1968ರಲ್ಲಿ ಆ ಕಂಪನಿಗೆ ರಾಣಿಯ ಹೆಸರಿನ ಉದ್ಯಮ ಪ್ರಶಸ್ತಿಯೂ ಬಂತು.

ಜೇಮ್ಸ್ ಬಾಂಡ್ ಬ್ರಿಟಿಷ್ ಚಿತ್ರವಾ, ಅಮೆರಿಕದ್ದಾ?

ಎರಡೂ. 1962ರ ಮೊದಲ ಬಾಂಡ್ ಚಿತ್ರ ತಯಾರಾದದ್ದು ಪೈನ್‌ವುಡ್‌ನಲ್ಲಿ. ನಾಯಕ ಸ್ಕಾಟ್‌ಲೆಂಡಿನವರು. ನಿರ್ಮಾಪಕರಲ್ಲಿ ಒಬ್ಬರು ಅಮೆರಿಕದವರು, ಇನ್ನೊಬ್ಬರು ಕೆನಡಾದವರು. ದುಡ್ಡು ಅಮೆರಿಕದ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯದು. ಬ್ರಿಟನ್ನಿನಲ್ಲಿ ನೋಂದಾಯಿಸಿದ ಕಂಪನಿ ಮಾಡಿದರೆ ಈಡಿ ಲೆವಿಯ ಪಾಲು ಸಿಗುತ್ತಿತ್ತು. ಹಾಗಾಗಿ ಅರವತ್ತರ ದಶಕದಲ್ಲಿ ಹಾಲಿವುಡ್ ಇಲ್ಲಿ ಹಣ ಹೂಡಿತು. ದಶಕದ ಕೊನೆಗೆ ಬ್ರಿಟಿಷ್ ಚಿತ್ರಗಳ ದುಡ್ಡಿನ ಬಹುಪಾಲು ಅಮೆರಿಕದ್ದೇ. ಅಲ್ಲಿ ಸ್ಟುಡಿಯೋಗಳು ನಷ್ಟಕ್ಕೆ ಬಿದ್ದಾಗ ದುಡ್ಡು ಹಿಂದೆ ಹೋಯಿತು, ಇಲ್ಲಿ ಸೆಟ್ಟುಗಳು ಖಾಲಿಯಾದವು. ಸ್ವಂತ ಬೇರಿಲ್ಲದ ಹಣದ ಅಪಾಯ ಇದೇ.

ಇವತ್ತಿನ ವ್ಯವಸ್ಥೆಯೂ ಹೆಚ್ಚು ಬೇರೆಯಲ್ಲ. ಲೆವಿ 1985ರಲ್ಲಿ ಹೋಯಿತು, 2007ರಿಂದ ತೆರಿಗೆ ರಿಯಾಯಿತಿ ಇದೆ. ಅದಕ್ಕೆ ‘ಸಾಂಸ್ಕೃತಿಕ ಪರೀಕ್ಷೆ’ ಎಂಬ ಅಂಕಪಟ್ಟಿಯಲ್ಲಿ 35ಕ್ಕೆ 18 ಅಂಕ ಬೇಕು. ಕಥೆ ಎಲ್ಲಿ ನಡೆಯುತ್ತದೆ, ಯಾವ ಭಾಷೆ, ಕೆಲಸಗಾರರು ಯಾರು ಎಂಬುದಕ್ಕೆಲ್ಲ ಅಂಕ. ಹ್ಯಾರಿ ಪಾಟರ್ ಚಿತ್ರಗಳು ತಯಾರಾದ ಲೀವ್ಸ್‌ಡೆನ್ ಮೊದಲು ವಿಮಾನ ಕಾರ್ಖಾನೆಯಾಗಿತ್ತು. ಈಗ ಅದರ ಮಾಲೀಕರು ಅಮೆರಿಕದ ವಾರ್ನರ್ ಬ್ರದರ್ಸ್.

ಹಾಗಾದರೆ ಬ್ರಿಟನ್ನಿನ ಸ್ವಂತ ದುಡ್ಡಿನ ಚಿತ್ರಗಳೇ ಇಲ್ಲವಾ?

ಇವೆ, ಮತ್ತು ನನಗೆ ಅವೇ ಹೆಚ್ಚು ಇಷ್ಟ. 1982ರಲ್ಲಿ ಶುರುವಾದ ಚಾನೆಲ್ ಫೋರ್ ಎಂಬ ಟಿವಿ ವಾಹಿನಿ ಮೊದಲ ದಿನದಿಂದಲೇ ಚಿತ್ರಗಳಿಗೆ ದುಡ್ಡು ಕೊಟ್ಟಿತು. 1985ರ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಲಂಡನ್ನಿನ ಪಾಕಿಸ್ತಾನಿ ಕುಟುಂಬವೊಂದರ ಕಥೆ. ಟಿವಿಗಾಗಿ ಸಣ್ಣ ಖರ್ಚಿನಲ್ಲಿ ತೆಗೆದದ್ದು ಚಿತ್ರಮಂದಿರದಲ್ಲಿ ಗೆದ್ದಿತು. ಸಿನಿಮಾವನ್ನು ಕೊಂದಿತು ಅನ್ನಿಸಿಕೊಂಡ ಟಿವಿಯೇ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಆಮೇಲೆ ರಾಷ್ಟ್ರೀಯ ಲಾಟರಿಯ ದುಡ್ಡೂ ಸೇರಿಕೊಂಡಿತು.

ಭಾರತದ ಸೆನ್ಸಾರ್ ಪದ್ಧತಿ ಅಲ್ಲಿಂದ ಬಂದದ್ದಾ?

ಬುಡ ಅಲ್ಲೇ. ಬ್ರಿಟನ್ನಿನ 1909ರ ಕಾನೂನು ಬಂದದ್ದು ಬೆಂಕಿಯ ಭಯಕ್ಕೆ. ಆಗಿನ ನೈಟ್ರೇಟ್ ಫಿಲ್ಮು ಧಗ್ಗನೆ ಹೊತ್ತಿಕೊಳ್ಳುತ್ತಿತ್ತು. ಲೈಸೆನ್ಸ್ ಕೊಡುವ ಸ್ಥಳೀಯ ಸಂಸ್ಥೆಗಳು ಅದೇ ಅಧಿಕಾರ ಹಿಡಿದು ಚಿತ್ರದಲ್ಲಿ ಏನಿದೆ ಅಂತಲೂ ಕೇಳತೊಡಗಿದವು. ಒಂದೊಂದು ಊರಿಗೆ ಒಂದೊಂದು ನಿಯಮವಾದರೆ ಕಷ್ಟ ಅಂತ 1912ರಲ್ಲಿ ಉದ್ಯಮದವರೇ ಸೆನ್ಸಾರ್ ಮಂಡಳಿ ಮಾಡಿಕೊಂಡರು. ಅದು ಸರ್ಕಾರಿ ಸಂಸ್ಥೆಯಲ್ಲ. ಭಾರತಕ್ಕೆ 1918ರಲ್ಲಿ ಕಾನೂನು ಬಂದಾಗ ಮಾತ್ರ ಅಧಿಕಾರವನ್ನು ಸರ್ಕಾರವೇ ಇಟ್ಟುಕೊಂಡಿತು. 1920ರಲ್ಲಿ ಬಾಂಬೆ, ಕಲ್ಕತ್ತ, ಮದ್ರಾಸ್, ರಂಗೂನ್‌ಗಳಲ್ಲಿ ಮಂಡಳಿಗಳು ಶುರುವಾದವು. ಆ ವ್ಯತ್ಯಾಸ ನಮ್ಮಲ್ಲಿ ಇವತ್ತಿಗೂ ಉಳಿದಿದೆ.

ಕರ್ನಾಟಕದಲ್ಲಿ ಚಿತ್ರೀಕರಣವಾದ ಬೇರೆ ಬ್ರಿಟಿಷ್ ಚಿತ್ರ ಇದೆಯಾ?

ಡೇವಿಡ್ ಲೀನ್ ಅವರ ಕೊನೆಯ ಚಿತ್ರ, 1984ರ ‘ಎ ಪ್ಯಾಸೇಜ್ ಟು ಇಂಡಿಯಾ’. ಕಥೆಯ ಮರಾಬರ್ ಗುಹೆಗಳಿಗಾಗಿ ಅವರು ಆರಿಸಿದ್ದು ಸಾವನದುರ್ಗ ಮತ್ತು ರಾಮನಗರದ ಬಂಡೆಗಳನ್ನು. ಬೆಂಗಳೂರು ಅರಮನೆಯ ಮೈದಾನದಲ್ಲಿ ಊರಿನ ಸೆಟ್ ಹಾಕಿದರು. ಪೆಗ್ಗಿ ಆ್ಯಶ್‌ಕ್ರಾಫ್ಟ್‌ಗೆ ಪೋಷಕ ನಟಿ ಆಸ್ಕರ್ ಬಂತು. ಸಾವನದುರ್ಗ ಹತ್ತುವವರು ಈ ಚಿತ್ರ ನೋಡಿ ಹೋದರೆ ಬಂಡೆಗಳ ಗುರುತು ಹಿಡಿಯಬಹುದು.

ಹಳೆಯ ಚಿತ್ರಗಳೆಲ್ಲ ಉಳಿದಿವೆಯಾ?

ಇಲ್ಲ. ಮೂಕಿ ಕಾಲದ ಬಹುಪಾಲು ಹೋಗಿವೆ. ಹೆಪ್‌ವರ್ತ್ ಕಂಪನಿ 1924ರಲ್ಲಿ ದಿವಾಳಿಯಾದಾಗ ಅವರ ನೆಗೆಟಿವ್‌ಗಳನ್ನು ಕರಗಿಸಿಬಿಟ್ಟರು. 1933ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, 1935ರಲ್ಲಿ ಅದರ ಸಂಗ್ರಹಾಲಯ ಶುರುವಾದ ಮೇಲೆ ಪರಿಸ್ಥಿತಿ ಸುಧಾರಿಸಿತು. 2012ರಲ್ಲಿ ಹಿಚ್‌ಕಾಕ್‌ರ ಉಳಿದಿರುವ ಒಂಬತ್ತು ಮೂಕಿ ಚಿತ್ರಗಳನ್ನೂ ಅವರು ಹೊಸದು ಮಾಡಿದರು. ಹತ್ತನೆಯದು ‘ದಿ ಮೌಂಟನ್ ಈಗಲ್’, 1926ರದ್ದು. ಕೆಲವು ಫೋಟೋ ಬಿಟ್ಟರೆ ಏನೂ ಸಿಕ್ಕಿಲ್ಲ. 2010ರಲ್ಲಿ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ, ಕಳೆದುಹೋದ 75 ಚಿತ್ರಗಳ ಪಟ್ಟಿಯಲ್ಲಿ ಅದೇ ಮೊದಲನೆಯದು. ಯಾವ ದೇಶದ ಯಾವ ಹಳೆಯ ಗೋದಾಮಿನಲ್ಲಾದರೂ ಒಂದು ಪ್ರಿಂಟ್ ಇರಬಹುದು ಅಂತ ಹುಡುಕುತ್ತಲೇ ಇದ್ದಾರೆ.